ಅರಿಸಿನ ಹಚ್ಚಿದ ಸೀರೆಚೀಟಿ

ನನ್ನ ಹತ್ರ ಒಂದು ರೇಷ್ಮೆ ಸೀರೆ ಇದೆ. ಗಿಣಿಹಸಿರು ಮೈ, ಕೆಂಪು ಅಂಚು. ಅಮಾವಾಸ್ಯೆಗೊಂದು ಸಲ ಪೆಟ್ಟಿಗೆಯಿಂದ ತೆಗೆದು, ಪೂರಾ ಬಿಚ್ಚಿ, ಬೇರೆ ಮಡಿಕೆಗೆ ಮಡಿಸಿ ಮತ್ತೆ ಇಡ್ತೀನಿ. ಇದುವರೆಗೂ ಉಟ್ಟಿಲ್ಲ. ಯಾಕೆ ಉಡಲ್ಲ ಅಂತ ಮನೇಲಿ ಯಾರಾದ್ರೂ ಕೇಳಿದ್ರೆ ಬೈದುಬಿಡ್ತೀನಿ. ನನ್ನ ಬಾಯಿ ಮೊದಲಿಂದಲೂ ಜೋರು, ಈಗ ವಯಸ್ಸಾದ ಮೇಲೆ ಇನ್ನೂ ಜೋರಾಗಿದೆ. ಬೈಯೋದು ಅವರನ್ನಲ್ಲ ಅಂತ ಅವರಿಗೆ ಗೊತ್ತಿಲ್ಲ.

ನಮ್ಮದು ಕೊಳ್ಳೇಗಾಲದಲ್ಲಿ ನೇಯ್ಗೆಯವರ ಬೀದಿ. ಅಪ್ಪ ಎಂಟು ವರ್ಷದ ಹುಡುಗನಾಗಿದ್ದಾಗಲೇ ಕೂಲಿಗೆ ಕೂತೋನು. ನಮ್ಮ ಮಗ್ಗ ಅಂದ್ರೆ ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿರ್ತಾರೆ, ಅದರೊಳಗೆ ಕಾಲು ಇಳಿಬಿಟ್ಟುಕೊಂಡು ಬೆಳಗ್ಗೆಯಿಂದ ಸಂಜೆವರೆಗೂ ಲಾಳಿ ಎಸೀಬೇಕು. ಗುಂಡಿ ಇನ್ನೊಬ್ಬರದು, ನೂಲು ಇನ್ನೊಬ್ಬರದು, ನೇಯ್ದ ಸೀರೆ ಇನ್ನೊಬ್ಬರದು. ಕಾಲು ಮಾತ್ರ ಅಪ್ಪನದು. ನಮ್ಮೂರು ಮದ್ರಾಸಿಂದ ಮೈಸೂರಿಗೆ ಸೇರಿ, ಕಚೇರಿಗಳ ಬೋರ್ಡೆಲ್ಲ ಇಳಿಸಿ ಹೊಸ ಬೋರ್ಡು ಏರಿಸ್ತಾ ಇದ್ದಾಗ ಅಪ್ಪನಿಗೂ ಅದೇನು ಹುಕಿ ಬಂತೋ. "ಸರ್ಕಾರನೇ ಬೋರ್ಡು ಬದಲಾಯಿಸ್ತಾದ, ನಾ ಬದಲಾಯಿಸ್ಬಾರ್ದಾ?" ಅಂದ. ಸಾಲಸೋಲ ಮಾಡದೆ, ಅವ್ವನ ಓಲೆ ಮಾರಿ, ಒಂದು ಮಗ್ಗ ಹಾಕ್ಕೊಂಡ. ಬೀದಿ ಮೂಲೇಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ನೀಲಿ ಬಣ್ಣದ ಬೋರ್ಡು ಬರೆಸಿ, ಅಂಗಡಿ ಅಂತ ತೆರೆದ. ಕೋಣೆ ಎಷ್ಟು ದೊಡ್ಡದು ಅಂದ್ರೆ ಒಳಗೆ ಇಬ್ಬರು ಗಿರಾಕಿ ಕೂತ್ರೆ ಅಪ್ಪ ಎದ್ದು ನಿಂತ್ಕೋಬೇಕಿತ್ತು.

ಬಾಗಿಲು ತೆರೆದ ದಿನ ಅವ್ವನ ಮುಂದೆ ಹೇಳಿದ್ದು ನಂಗೆ ಇನ್ನೂ ಕಿವೀಲಿದೆ. "ಇನ್ನ ಒಬ್ರ ಗುಂಡೀಲಿ ಕಾಲು ಇಳಿಬುಡಾಕಿಲ್ಲ ಕಣೇ. ಈ ಬಾಗಿಲು ತಗದಿರೋಗಂಟ ನಾ ಸಾವ್ಕಾರ." ಅವ್ವ ನಕ್ಕಳು. ಅವನು ನಗಲಿಲ್ಲ. ಅವನ ಪಾಲಿಗೆ ಅದು ಅಷ್ಟು ದೊಡ್ಡ ಮಾತಾಗಿತ್ತು.

ಆದರೆ ಸೀರೆ ಕೊಳ್ಳೋರು ಬೇಕಲ್ಲ. ರೇಷ್ಮೆ ಸೀರೆ ತಗೊಳ್ಳೋ ಶಕ್ತಿ ಇದ್ದೋರು ಹೊಲಗದ್ದೆ ಇರೋ ಜನ, ಹನೂರು, ಬಂಡಳ್ಳಿ, ಧನಗೆರೆ ಕಡೆಯೋರು. ಅವರು ಬರ್ತಾ ಇದ್ದದ್ದು ಮದುವೆ ಬಂದಾಗ ಮಾತ್ರ. ಬಂದ್ರೂ ದೊಡ್ಡಬೀದಿಯ ದೊಡ್ಡ ಅಂಗಡಿಗೆ ಹೋಗೋರು. ಅಪ್ಪ ಗಂಟು ಹೊತ್ತು ಹನೂರಿಗೆ ಹೋಗಿ, ಹೊತ್ತದ್ದನ್ನ ಹೊತ್ತಂಗೇ ವಾಪಸ್ ತರೋನು.

ಆಗ ನಾನು ಹದಿಮೂರು ವರ್ಷದೋಳು. ಅವ್ವ ಟೀಪುಡಿ ಪೊಟ್ಟಣದ ಒಳಗೆ ಬರ್ತಿದ್ದ ಕೂಪನ್ನು ಕೂಡಿಡ್ತಿದ್ದಳು. ಇಷ್ಟು ಕೂಪನ್ನು ಕೊಟ್ರೆ ಒಂದು ಗಾಜಿನ ಲೋಟ. ಲೋಟದ ಆಸೆಗೆ ಟೀ ಕುಡೀದ ನಮ್ಮ ಮನೇಲಿ ಟೀ ಶುರುವಾಗಿತ್ತು! ಅದನ್ನ ನೋಡಿ ನಾನು ಬಾಯಿ ಬಿಟ್ಟೆ. "ಅಪ್ಪ, ನಾವೂ ಚೀಟಿ ಮಾಡಾಣ. ಮದುವೆಗೆ ಮುಯ್ಯಿ ಮಾಡೋರು ನಮ್ಮ ಹತ್ರ ಸೀರೆಚೀಟಿ ಕೊಂಡು ಹೆಣ್ಣಿನ ಮಡಿಲಿಗೆ ಹಾಕಲಿ. ಹೆಣ್ಣು ಆಮೇಲೆ ಅಂಗಡಿಗೆ ಬಂದು ಚೀಟಿ ಕೊಟ್ಟು ಸೀರೆ ಇಸ್ಕೊಳ್ಳಲಿ." ನಮ್ಮ ಕಡೆ ಮದುವೆಗೆ ಹೋದೋರು ದುಡ್ಡೋ ಪಾತ್ರೆಯೋ ಮುಯ್ಯಿ ಮಾಡ್ತಾರೆ. ಅವರ ಮನೇಲಿ ಮದುವೆ ಆದಾಗ ಅದನ್ನ ಹಾಗೇ ತೀರಿಸ್ಬೇಕು. ಬಿಂದಿಗೆ ಬಂದಿದ್ರೆ ಬಿಂದಿಗೆ, ಚೊಂಬು ಬಂದಿದ್ರೆ ಚೊಂಬು. ಈ ಲೆಕ್ಕ ನಂಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಇಬ್ಬರಿಗೂ ಹೊಳೀಲಿಲ್ಲ ನೋಡಿ.

ಅಪ್ಪ ನನ್ನ ಮುಖ ನೋಡಿ "ಪಾಕ್ಕಲಾಂ" ಅಂದ. ಸರಿಗೆ ಮಾರೋ ತಮಿಳಿನೋರ ಜೊತೆ ಮಾತಾಡಿ ಮಾತಾಡಿ, ನೋಡೋಣ ಅನ್ನೋದಕ್ಕೆ ಅವನ ಬಾಯಲ್ಲಿ ಅದೇ ಬರ್ತಿತ್ತು. ಮಾರನೇ ದಿನವೇ ದಪ್ಪ ಕಾಗದ ತಂದ.

ಇಪ್ಪತ್ತು ಚೀಟಿ ಬರೆದೆ. "ಈ ಚೀಟಿ ತಂದವರಿಗೆ ಒಂದು ರೇಷ್ಮೆ ಸೀರೆ ಕೊಡಲಾಗುವುದು." ಮೇಲೆ ಒಂದು ಲಾಳಿ ಚಿತ್ರ, ಮೂಲೇಲಿ ನಂಬರು. ಕೆಳಗೆ ಅಪ್ಪ ತಮಿಳಿನಲ್ಲಿ ಸಹಿ ಹಾಕಿದ, ಅವನು ಅಕ್ಷರ ಕಲಿತದ್ದು ಅದರಲ್ಲೇ. ಟೀ ಕೂಪನ್ನಿನಲ್ಲಿ ಇಂಥ ತಾರೀಕಿನೊಳಗೆ ಅಂತ ಇತ್ತು. "ನಾವೂ ವಾಯಿದೆ ಹಾಕಾಣವಾ ಅಪ್ಪ?" ಅಂದೆ. ಉರಿದುಬಿದ್ದ. "ಆಡಿದ ಮಾತ್ಗ ವಾಯಿದೆಯಾ? ಇಷ್ಟು ದಿನ ನಾ ಮನ್ಸ, ಆಮೇಲೆ ಅಲ್ಲ ಅಂತ ಬರೀತೀಯಾ? ಮಾತು ಆಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು!" ನಾನು ಬರೀಲಿಲ್ಲ. ಕೊನೇಲಿ ಅವ್ವ ಬಂದಳು. "ಮದುವೆ ಮನಗ ಓಗೋ ಕಾಗದ ಬರೀ ಬಿಳೀ ಇರ್ಬಾರ್ದು" ಅಂತ ಒಂದೊಂದು ಚೀಟಿಯ ನಾಕು ಮೂಲೆಗೂ ಅರಿಸಿನ ಹಚ್ಚಿದಳು. ಮೂವರೂ ಸೇರಿ ನಮ್ಮ ತಲೆ ಮೇಲೆ ನಾವೇ ಕಲ್ಲು ಎಳೆದುಕೊಂಡದ್ದು ಹೀಗೆ.

ಮೊದಮೊದಲು ಭಾರೀ ಜೋರು. ಬಂಡಳ್ಳಿಯ ಒಬ್ಬ ಅಜ್ಜಿ, ಹೊಲಮನೆ ಚೆನ್ನಾಗಿದ್ದೋಳು, ಮೊದಲನೇ ಚೀಟಿ ಕೊಂಡಳು. ಅವಳ ಬಾಯಿಂದ ಸುತ್ತಲ ಊರಿಗೆಲ್ಲ ಗೊತ್ತಾಯ್ತು. ಒಂದು ಚೀಟಿ ಹೋಯ್ತು ಅಂದ್ರೆ ಅಪ್ಪ ಆ ದುಡ್ಡಿಗೆ ನೂಲು ತಂದು ಒಂದು ಸೀರೆ ನೇಯ್ದು, ಚೀಟಿಯ ನಂಬರನ್ನೇ ಸೀರೆಗೂ ಕಟ್ಟಿ ಹಲಗೆ ಮೇಲೆ ಇಡೋನು. ಎರಡು ವರ್ಷಕ್ಕೆ ಇಪ್ಪತ್ತೂ ಖರ್ಚಾದವು. ಹಲಗೆ ತುಂಬಿತು. ಸೀರೆ ಕೇಳಿಕೊಂಡು ಬಂದೋರು ಮಾತ್ರ ಇಬ್ಬರೇ ಇಬ್ಬರು. ಆ ಎರಡು ಚೀಟೀನ ಅಪ್ಪ ಒಂದು ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕಿದ. ಮೂರನೇದು ಬರಲೇ ಇಲ್ಲ.

ಒಂದು ದಿನ ಬಂಡಳ್ಳಿ ಅಜ್ಜಿ ಪೇಟೆಗೆ ಬಂದೋಳು ಅಂಗಡಿ ಮುಂದೆ ಹಾದಳು. ಅವಳು ಕೊಂಡ ಚೀಟಿ ಎರಡು ಮದುವೆ ಸುತ್ತಿ ಮತ್ತೆ ಅವಳ ಸೊಸೆಗೇ ಮುಯ್ಯಾಗಿ ಬಂದಿತ್ತಂತೆ. ಅಪ್ಪ ಕೇಳಿದ, ಯಾಕವ್ವ ಸೊಸೆ ಸೀರೆಗೆ ಬರಲಿಲ್ಲ ಅಂತ. ಅಜ್ಜಿ ಕೆನ್ನೆ ಕೆನ್ನೆ ಬಡಕೊಂಡಳು. "ಅಯ್ಯೋ ಶಿವನೇ, ಅರಿಸಿನ ಹಚ್ಚಿರೋ ಚೀಟೀನ ಅಂಗಡಿಗ ತಂದು ಬಿಸಾಕಕ್ಕಾದದಾ ಸಾವ್ಕಾರೆ? ದ್ಯಾವ್ರ ಪಟದ ಇಂದ್ಗಡೆ ಮಡಗಿವ್ನಿ. ಮುಯ್ಯಿ ಬಂದದ್ದು ಮುಯ್ಯಾಗೇ ಓಗ್ಬೇಕು. ನಿನ್ನ ಚೀಟಿ ಬಂದ್ಮೇಲೆ ನಮಗ ಬಿಂದಿಗೆ ಒತ್ಕಂಡು ಓಗೋ ಕಷ್ಟ ತಪ್ತು ಕಣಪ್ಪ, ನೀ ನೂರು ಕಾಲ ಬಾಳು!"

ನಾನು ಅವ್ವ ಹೊಟ್ಟೆ ಹಿಡಕೊಂಡು ನಕ್ಕೆವು. ಬಂಡಳ್ಳಿ ಚೀಟಿ ಧನಗೆರೆಗೆ, ಧನಗೆರೆ ಚೀಟಿ ಅಗರಕ್ಕೆ, ಅಗರದ್ದು ಮತ್ತೆ ಬಂಡಳ್ಳಿಗೆ. ಸೀರೆ ಯಾರಿಗೂ ಬೇಕಾಗಿಲ್ಲ, ಚೀಟಿಯೇ ಸಾಕಾಗಿದೆ! ಅಪ್ಪ ನಗದೆ ಹಲಗೆ ಕಡೆ ನೋಡ್ತಾ ಕೂತ. ಆಮೇಲೆ ನನಗೂ ನಗು ನಿಂತಿತು.

ಯಾಕೆಂದ್ರೆ ಆ ಹದಿನೆಂಟು ಸೀರೇನ ಅವನು ಮಾರೋ ಹಾಗಿರಲಿಲ್ಲ. ಅಂಗಡಿಗೆ ಬಂದ ಗಿರಾಕಿ ಕಣ್ಣು ನೇರ ಅವುಗಳ ಮೇಲೇ ಬೀಳೋದು. "ಅದು ಬ್ಯಾಡ ಕಣವ್ವ, ಚೀಟೀದು" ಅನ್ನೋನು. "ಇದು?" "ಅದೂ ಚೀಟೀದೇ." ಗಿರಾಕಿ ಎದ್ದು ಹೋಗೋರು. ನಂಗೆ ಮೈಯೆಲ್ಲ ಉರಿಯೋದು. "ಮಾರಪ್ಪ, ಮಾರಿ ಇನ್ನೊಂದು ನೇಯಿ! ಯಾರು ಬತ್ತಾರೆ ಈಗ?" ಅಂತ ಕೂಗಾಡ್ತಿದ್ದೆ. "ನಾಳೆ ಬೆಳಗ್ಗೆ ಬಂದ್ರೆ? ಮಗ್ಗದ ಮೇಲಿರೋದ ಕುಯ್ದು ಕೊಡ್ಲಾ?" ಅನ್ನೋನು.

ರೇಷ್ಮೇನ ಒಂದೇ ಮಡಿಕೇಲಿ ಬಿಟ್ರೆ ಆ ಗೆರೆ ಉದ್ದಕ್ಕೂ ಸೀಳಿಬಿಡುತ್ತೆ. ಅಮಾವಾಸ್ಯೆ ನಮ್ಮೋರಿಗೆ ಮಗ್ಗಕ್ಕೆ ರಜ. ಅವತ್ತು ನಾನು ಅವ್ವ ಕೂತು ಹದಿನೆಂಟೂ ಬಿಚ್ಚಿ, ಮಡಿಕೆ ಬದಲಿಸಿ ಇಡ್ತಿದ್ವಿ. ಅವ್ವ ಮದುವೆಯಾದದ್ದು ಹತ್ತಿ ಸೀರೇಲಿ. ನಾನಂತೂ ರೇಷ್ಮೆ ಮೈಮೇಲೆ ಹಾಕ್ಕೊಂಡೋಳೇ ಅಲ್ಲ. ಆರು ವರ್ಷ, ತಿಂಗಳಿಗೊಂದು ಸಲ, ಬೇರೆಯೋರ ಸೀರೆಗಳನ್ನ ತೊಡೆ ಮೇಲೆ ಹರವಿಕೊಂಡು ಕೈಯಾಡಿಸಿದೆ. ಹದಿನೆಂಟರ ಅಂಚೂ ಕಣ್ಣು ಮುಚ್ಚಿಕೊಂಡು ಹೇಳ್ತಿದ್ದೆ. ಅದರಲ್ಲೂ ಆ ಗಿಣಿಹಸಿರಿನದು.

ಹತ್ತೊಂಬತ್ತಕ್ಕೆ ನನ್ನ ಮದುವೆ ಗೊತ್ತಾಯ್ತು, ಯಳಂದೂರಿನ ಕಡೆ. ಆ ಹೊತ್ತಿಗೆ ಅಂಗಡಿ ಏದುಸಿರು ಬಿಡ್ತಾ ಇತ್ತು. ಅಪ್ಪ ನೆಚ್ಚಿಕೊಂಡಿದ್ದದ್ದು ಮುಯ್ಯಿನ ದುಡ್ಡನ್ನ. ಇಷ್ಟು ವರ್ಷದ ಗಿರಾಕಿಗಳನ್ನೆಲ್ಲ ಊರೂರಿಗೆ ಹೋಗಿ ಕರೆದಿದ್ದ. ಮುಯ್ಯಿ ಬಂದ್ರೆ ಮದುವೆ ಖರ್ಚು ತೂಗಿ, ಅಂಗಡಿ ಇನ್ನೊಂದೆರಡು ವರ್ಷ ನಡೆಯುತ್ತೆ ಅಂತ ಅವ್ವನ ಹತ್ರ ಹೇಳ್ತಿದ್ದದ್ದು ನಾನೇ ಕೇಳಿದ್ದೆ.

ಗಿರಾಕಿಗಳು ಬಂದ್ರು. ಒಬ್ಬರೂ ತಪ್ಪಿಸಲಿಲ್ಲ. ಧನಗೆರೆಯೋರು ಬಂದು ನನ್ನ ಮಡಿಲಿಗೆ ಒಂದು ಚೀಟಿ ಹಾಕಿದ್ರು. ನನ್ನದೇ ಅಕ್ಷರ! ಅಗರದೋರು ಹಾಕಿದ್ರು. ಹನೂರಿನೋರು ಹಾಕಿದ್ರು. ಒಬ್ಬರಿಗೊಬ್ಬರು ಹೇಳಿಕೊಂಡು ಬಂದಿದ್ರೋ ಏನೋ, ಅಂಗಡಿಯೋರ ಚೀಟಿ ಅಂಗಡಿಯೋರ ಮಗಳಿಗೇ ಸೇರೋದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ ಅಂತ ಎಲ್ಲರ ತಲೇಲೂ ಅದೇ ಕೂತಿತ್ತು. ಎಲ್ಲರಿಗಿಂತ ಕೊನೇಲಿ ಬಂಡಳ್ಳಿ ಅಜ್ಜಿ ಕೋಲೂರಿಕೊಂಡು ಬಂದಳು. ಅಪ್ಪ ನನ್ನ ಪಕ್ಕದಲ್ಲೇ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಮೊದಲನೇ ನಂಬರಿನ ಚೀಟಿ ತೆಗೆದು, "ನಿನ್ನ ಮಡ್ಲಿಗೇ ಬೀಳ್ಲಿ ಅಂತ ಮಡಿಕಂಡಿದ್ದೆ ಕಣ್ ಮಗಾ" ಅಂತ ಹಾಕಿ ನೆಟಿಗೆ ಮುರಿದಳು. ಅಪ್ಪ ತಟ್ಟೆ ಕೆಳಗಿಟ್ಟು ಅವಳಿಗೆ ಕೈ ಮುಗಿದ. ಹದಿನೆಂಟು ಚೀಟಿ. ದುಡ್ಡು ಹಾಕಿದೋರು ಬೆರಳೆಣಿಕೆ.

ಮಾರನೇ ಬೆಳಗ್ಗೆ, ನಾನು ಯಳಂದೂರಿಗೆ ಹೊರಡೋ ಮೊದಲು, ಅಪ್ಪ ಅಂಗಡಿ ಬಾಗಿಲು ತೆಗೆದು ದೀಪ ಹಚ್ಚಿ ಚಾಪೆ ಮೇಲೆ ಕೂತ. "ಬಾ ಮಗಾ, ಚೀಟಿ ಕೊಡು" ಅಂದ, ಯಾರೋ ಗಿರಾಕಿಗೆ ಅಂದಂಗೆ.

"ಬ್ಯಾಡಪ್ಪ, ಹರಿದಾಕ್ತೀನಿ."

"ಹರುದ್ರೆ ಕೈ ಮುರೀತೀನಿ. ಅದು ನಿನ್ನ ಮುಯ್ಯಿ. ಮಗಳ ಮುಯ್ಯ ತಿಂದ ಅಂತ ಊರಾಡಬೇಕಾ?"

ಇನ್ನೊಂದು ಸಲ ಬ್ಯಾಡ ಅನ್ನಬಹುದಿತ್ತು. ಅನ್ನಲಿಲ್ಲ. ಸುಳ್ಳು ಯಾಕೆ ಹೇಳಲಿ, ನಂಗೆ ಆಸೆ ಆಯ್ತು. ಆರು ವರ್ಷ ತೊಡೆ ಮೇಲೆ ಹರವಿಕೊಂಡ ಸೀರೆಗಳು, ಈಗ ನನ್ನವು. ಒಂದೊಂದೇ ಚೀಟಿ ಕೊಟ್ಟೆ. ಅವನು ನಂಬರು ನೋಡಿ, ಸೀರೆ ತೆಗೆದು ನನ್ನ ಕೈಗಿಟ್ಟು, ಚೀಟೀನ ತಂತಿಗೆ ಚುಚ್ಚಿದ. ಹದಿನೇಳು ಆಯ್ತು. ತಲೆ ಎತ್ತಿ ನೋಡ್ತೀನಿ, ಹಲಗೆ ಮೇಲೆ ಒಂದೇ ಒಂದು ಸೀರೆ, ಗಿಣಿಹಸಿರಿನದು. ಅಪ್ಪನ ಒಂದು ಕೈ ಆ ಖಾಲಿ ಹಲಗೇನ ಹಿಡಕೊಂಡಿದೆ. ಇದೂ ಹೋದ್ರೆ ಅಂಗಡಿ ಅನ್ನೋಕೆ ಅಲ್ಲಿ ಏನೂ ಇರಲ್ಲ. ಬಂಡಳ್ಳಿ ಅಜ್ಜಿಯ ಚೀಟೀನ ರವಿಕೆಯೊಳಗೆ ತುರುಕಿಕೊಂಡು, "ಇಷ್ಟೇ ಅಪ್ಪ" ಅಂದೆ.

ಅವನು ಸೀರೆ ನೋಡಿದ, ನನ್ನ ನೋಡಿದ. "ಅಂಗಾರೆ ಇನ್ನೊಂದು ಚೀಟಿ ಆಚೆ ಅದ" ಅಂದ. ದನಿ ಹಗುರಾಗಿತ್ತು. ಒಳ್ಳೇ ಕೆಲಸ ಮಾಡ್ದೆ ಅಂದುಕೊಂಡೆ.

ಆ ತಿಂಗಳೇ ಕೋಣೆ ಬಿಟ್ಟುಕೊಟ್ಟ. ಮಗ್ಗ ಮಾರಿ ಮದುವೆ ಖರ್ಚು ತೀರಿಸಿದ. ಮತ್ತೆ ಹೋಗಿ ಇನ್ನೊಬ್ಬರ ಗುಂಡೀಲಿ ಕಾಲು ಇಳಿಬಿಟ್ಟ. ಆದರೆ ಬೋರ್ಡು ಮಾರಲಿಲ್ಲ. ಮನೆ ಒಳಗೆ, ಪೆಟ್ಟಿಗೆ ಮೇಲಿನ ಗೋಡೆಗೆ ಮೊಳೆ ಹೊಡೆದು ತಗುಲಿಹಾಕಿದ. ಪೆಟ್ಟಿಗೇಲಿ ಆ ಒಂದು ಸೀರೆ. ಅಮಾವಾಸ್ಯೆ ಅಮಾವಾಸ್ಯೆಗೂ ಅವನೇ ಕೂತು ಮಡಿಕೆ ಬದಲಿಸೋನಂತೆ. ಬೀದಿಯೋರು ಬಿಡ್ತಾರಾ? "ಏನ್ ಸಾವ್ಕಾರೆ, ಯಾಪಾರ ಎಂಗೆ?" ಅಂತ ಕಿಚಾಯಿಸೋರು. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂತ ಬೆನ್ನ ಹಿಂದೆ ನಗೋರು. ಅವನು ಮಾತ್ರ, "ಒಂದು ಚೀಟಿ ಆಚೆ ಅದ ಕಣ್ರಿ. ಅಂಗಡಿ ಮುಚ್ಚಿಲ್ಲ" ಅಂತ ನಿಜವಾದ ವ್ಯಾಪಾರಿ ಥರಾನೇ ಉತ್ತರ ಕೊಡೋನು.

ನನ್ನ ಹದಿನೇಳು ಸೀರೆ ಏನಾಯ್ತು ಅಂತೀರಾ? ಅತ್ತೆ ಪೆಟ್ಟಿಗೆ ಬಿಚ್ಚಿಸಿ, "ಸೊಸೆ ಅಂಗಡೀನೇ ಒತ್ಕಂಡು ಬಂದವ್ಳೆ" ಅಂತ ನಕ್ಕು, ನಾದಿನಿಯರಿಗೆ, ಓರಗಿತ್ತಿಯರಿಗೆ, ಅವರಿವರ ಮದುವೆಗೆ ಹಂಚಿದಳು. ನಂಗೆ ಉಳಿದದ್ದು ಎರಡು. ಆ ಎರಡನ್ನೂ ಬಿಚ್ಚಿ ನೋಡೋ ಮನಸ್ಸು ನಂಗೆ ಬರಲಿಲ್ಲ. ಬಿಚ್ಚಿದ್ರೆ ಅಪ್ಪನ ಕೈ ಆ ಹಲಗೆ ಮೇಲಿದ್ದದ್ದೇ ಕಣ್ಣಿಗೆ ಕಟ್ಟೋದು. ವರ್ಷಗಳಾದ ಮೇಲೆ ಯಾವುದೋ ನಾಮಕರಣಕ್ಕೆ ತೆಗೆದೆ. ಮಡಿಕೆ ಮಡಿಕೆಗೂ ಸೀಳಿತ್ತು. ನೇಯ್ಗೆಯೋನ ಮಗಳು ನಾನು, ಮಡಿಕೆ ಬದಲಿಸೋದು ಹೇಳಿಕೊಡಬೇಕಿತ್ತಾ ನಂಗೆ!

ತವರಿಗೆ ಬಂದಾಗಲೆಲ್ಲ ಒಂದೇ ಕಾಟ. ಯಳಂದೂರಿಂದ ಬಸ್ಸು ಹತ್ತಿ, ಅಗರ ದಾಟಿ, ಕೊಳ್ಳೇಗಾಲದಲ್ಲಿಳಿದು ಮನೆಗೆ ಬಂದು ಕೂತ್ಕೋತಿದ್ದಂಗೇ ಅಪ್ಪ ಅವ್ವನ ಕಡೆ ತಿರುಗಿ ಕೇಳೋನು, "ಬಂಡಳ್ಳಿ ಕಡಿಂದ ಯಾರಾರ ಬಂದಿದ್ರಾ? ಚೀಟಿ ಇಸ್ಯ ಏನಾರ ಅಂದ್ರಾ?" ಇಲ್ಲ ಅನ್ನೋಳು ಅವ್ವ. "ಬತ್ತಾರೆ ಬುಡು" ಅನ್ನೋನು. ಪಾಪ, ಎಷ್ಟು ಕಾಯ್ತಾ ಇದಾನೆ, ಎಷ್ಟು ಕೊರಗ್ತಾ ಇದಾನೆ ಅಂದುಕೊಳ್ತಿದ್ದೆ. ಅವ್ವನಿಗೆ ಒಂದು ಸಲ ಕಾಯಿಲೆ ಜೋರಾದಾಗಲೂ ಆ ಸೀರೆ ಮಾರಲಿಲ್ಲ, "ಅದು ಇನ್ನೊಬ್ರುದ್ದು" ಅಂದ. ಚೀಟಿ ನನ್ನ ಕುಂಕುಮದ ಡಬ್ಬಿ ತಳದಲ್ಲಿತ್ತು. ಹೇಳಿಬಿಡಲಾ ಅನ್ನಿಸೋದು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನ ಯಾವ ಬಾಯಲ್ಲಿ ಹೇಳಲಿ ಅಂತ ಸುಮ್ಮನಾಗ್ತಿದ್ದೆ.

ಹಿಂಗೇ ಹತ್ತು ಹನ್ನೆರಡು ವರ್ಷ ಹೋಯ್ತು. ಅಪ್ಪನಿಗೆ ಎದೆ ಕಟ್ಟಿಕೊಂಡು ಮಗ್ಗಕ್ಕೆ ಹೋಗೋದು ನಿಂತಿತು. ಹಾಸಿಗೆ ಹಿಡಿದ. ಈ ಸಲ ಏಳಲ್ಲ ಅಂತ ಡಾಕ್ಟ್ರು ಹೇಳಿದ್ರು ಅಂತ ಸುದ್ದಿ ಬಂತು. ತಲೇಲಿ ಒಂದೇ ಯೋಚನೆ ಕೂತಿತು. ಕೊಟ್ಟ ಮಾತು ಬಾಕಿ ಉಳೀತು ಅಂತ ಅವನ ಜೀವ ಒದ್ದಾಡಬಾರದು. ಆ ಚೀಟಿ ಬಂತು ಅಂತ ಗೊತ್ತಾದ್ರೆ ನಿರಾಳವಾಗಿ ಹೋಗ್ತಾನೆ. ಡಬ್ಬಿಯಿಂದ ಚೀಟಿ ತೆಗೆದುಕೊಂಡು ಬಸ್ಸು ಹತ್ತಿದೆ.

ಮಧ್ಯಾಹ್ನದ ಹೊತ್ತು. ಅವ್ವ ಅವನಿಗೆ ಗಂಜಿ ಕುಡಿಸ್ತಾ ಇದ್ದಳು. ನಾನು ಹಾಸಿಗೆ ಪಕ್ಕ ಕೂತು, ದಾರಿಯುದ್ದಕ್ಕೂ ಉರು ಹೊಡೆದ ಸುಳ್ಳನ್ನ ಹೇಳಿದೆ. "ಅಪ್ಪ, ಬಂಡಳ್ಳಿ ಅಜ್ಜಿ ಮೊಮ್ಮಗಳು ಬಸ್ಸಲ್ಲಿ ಸಿಕ್ಕಿದ್ಲು. ಚೀಟಿ ಕೊಟ್ಟು, ಸೀರೆ ಇಸ್ಕೊಂಡು ಬನ್ನಿ ಅಂದ್ಲು."

ಅಪ್ಪ ಕೈ ಚಾಚಿ ಚೀಟಿ ಇಸಕೊಂಡ. ಕಣ್ಣ ಹತ್ರ ಹಿಡಿದ. ಮಾಸಿದ ಅರಿಸಿನದ ಮೂಲೆ ಮೇಲೆ ಹೆಬ್ಬೆಟ್ಟು ಆಡಿಸಿದ. ನಗ್ತಾನೆ ಅಂತ ನಾನು ಕಾಯ್ತಾ ಇದ್ದೆ. ಅವ್ವ ನನ್ನನ್ನ ಒಂದು ಥರಾ ನೋಡಿದಳು, ಗಂಜಿ ಲೋಟ ಕೆಳಗಿಟ್ಟಳು.

"ಸರಿ. ಪೆಟ್ಟಿಗೆ ತಗಿಯೇ" ಅಂದ ಅಪ್ಪ.

ಅವ್ವ ಸೀರೆ ತೆಗೆದಳು. ಅವನು ಎರಡೂ ಕೈಲಿ ಅದನ್ನ ಇಸಕೊಂಡು, ಕೂತ್ಕೊಳ್ಳೋಕೆ ನೋಡಿದ, ಆಗಲಿಲ್ಲ, ಮಲಗಿದ್ದಂಗೇ ನನ್ನ ಕೈಗಿಟ್ಟ. ಆಮೇಲೆ ತಂತಿ ತರಿಸಿದ. ಹತ್ತೊಂಬತ್ತು ಚೀಟಿಯ ಮೇಲೆ ಅದನ್ನ ಚುಚ್ಚಿದ. "ಇಪ್ಪತ್ತೂ ಬಂತು" ಅಂದ. "ಬೋರ್ಡು ಇಳಿಸ್ಬುಡು" ಅಂದು ಗೋಡೆ ಕಡೆ ಹೊರಳಿಕೊಂಡ. ಗಂಜಿ ಬೇಡ ಅಂದ.

ಮುಂದಿನ ಅಮಾವಾಸ್ಯೆ ಅವನು ನೋಡಲಿಲ್ಲ.

ಹನ್ನೊಂದನೇ ದಿನದ ಕೆಲಸ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಅವ್ವ ಇಬ್ಬರೇ ಕೂತಿದ್ವಿ. ಗೋಡೆ ಮೇಲೆ ಬೋರ್ಡು ಇದ್ದ ಜಾಗ ಬೆಳ್ಳಗೆ ಕಾಣ್ತಿತ್ತು. ಅವಳಿಗೆ ಸಮಾಧಾನ ಆಗಲಿ ಅಂತ ಹೇಳಿದೆ, "ಸದ್ಯ ಕಣವ್ವ, ಆ ಒಂದು ಚೀಟಿ ಬಂತು. ಅಪ್ಪ ನೆಮ್ಮದಿಯಾಗಿ ಹೋದ."

ಅವ್ವ ತಿರುಗಿ ನನ್ನ ಮುಖವನ್ನೇ ನೋಡಿದಳು.

"ನೆಮ್ಮದಿಯಾ? ಆ ಅಜ್ಜಿ ನಿನ್ನ ಮಡ್ಲಿಗ ಆಕ್ದಾಗ ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ರು ಕಣವ್ವ. ಇಷ್ಟೇ ಅಂತ ನೀ ಅಂದ ದಿನವೇ ಬಂದು ನಂಗೆ ಏಳುದ್ರು, ನನ್ನ ಮಗಳು ಒಂದು ಚೀಟಿ ಮಡಿಕಂಡು ನನ್ನ ಅಂಗಡಿ ಉಳಿಸ್ಕೊಟ್ಟವ್ಳೆ ಅಂತ. ಬಂಡಳ್ಳಿಯೋರು ಬಂದ್ರಾ ಅಂತ ಕೇಳ್ತಿದ್ದದ್ದು ನಿನ್ನ ಮುಂದೆ ಮಾತ್ರ, ತನಗ ಗೊತ್ತು ಅಂತ ನಿಂಗ ಗೊತ್ತಾಗ್ದೇ ಇರ್ಲಿ ಅಂತ. ನೀ ಬಸ್ಸಿಳಿದು ಬಂದಾಗೆಲ್ಲ ಎದರ್ಕತಿದ್ರು, ಇವತ್ತು ತಂದುಬುಟ್ಟಾಳೇನೋ ಅಂತ. ನೀ ವಾಪಸ್ ಓದ್ಮೇಲೆ ಬೋರ್ಡು ಒರಸಿ ಮಡಗೋರು."

ಸೀರೆ ನನ್ನ ತೊಡೆ ಮೇಲಿತ್ತು. ಬಿಚ್ಚಿದೆ. ಅಷ್ಟು ವರ್ಷದ ಸೀರೆ, ಒಂದು ಕಡೆಯೂ ಮಡಿಕೆಯ ಗೆರೆ ಕೂತಿರಲಿಲ್ಲ.

ಅವ್ವ ಅದರ ಅಂಚು ಹಿಡಿದು ನೋಡಿ, ಮತ್ತೆ ನನ್ನ ಕೈಗೇ ಬಿಟ್ಟಳು. "ಇನ್ನೊಂದು ನಾಕು ದಿನ ಮಡಿಕಂಡಿದ್ರೆ ಏನಾಗ್ತಿತ್ತವ್ವ ನಿಂಗೆ?" ಅಂದಳು.